ಎಂಜಿನ್ ಮರುಜೋಡಣೆ: ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕ

ಕೆಸರು, ಮರಳು, ಮಣ್ಣಿನ ದಿಬ್ಬಗಳ ಮೇಲೆ ಜಿಗಿಯುತ್ತಾ ಓಡುವ ಮೋಟೊಕ್ರಾಸ್ ಬೈಕುಗಳನ್ನು ನೀವು ಟೀವಿಯಲ್ಲಿ ನೋಡಿರಬಹುದು. ಇವನ್ನೇ ‘ಡರ್ಟ್ ಬೈಕ್’ ಎನ್ನುತ್ತಾರೆ. ನಮ್ಮ ಬೀದಿಯ ಬೈಕಿನ ಎಂಜಿನ್ನನ್ನು ಹತ್ತಾರು ಸಾವಿರ ಕಿಲೋಮೀಟರು ಓಡಿದರೂ ಬಿಚ್ಚಬೇಕಾಗಿ ಬರುವುದಿಲ್ಲ. ಸ್ಪರ್ಧೆಯ ಡರ್ಟ್ ಬೈಕಿನ ಎಂಜಿನ್ನಿನ ವಯಸ್ಸನ್ನಾದರೋ ಕಿಲೋಮೀಟರುಗಳಲ್ಲಿ ಅಲ್ಲ, ಓಡಿದ ಗಂಟೆಗಳಲ್ಲಿ ಎಣಿಸುತ್ತಾರೆ. ಎರಡೂ ನಾಲ್ಕು ಹೊಡೆತದ ಪೆಟ್ರೋಲ್ ಎಂಜಿನ್ನುಗಳೇ. ಹಾಗಿದ್ದರೆ ಈ ವ್ಯತ್ಯಾಸ ಏಕೆ? ಇಂಥ ಎಂಜಿನ್ನನ್ನು ಮೊದಲ ಬಾರಿಗೆ ಬಿಚ್ಚಿ ಮತ್ತೆ ಜೋಡಿಸುವವರು ಏನನ್ನು ಗಮನಿಸಬೇಕು? ಉತ್ತರಕ್ಕೆ ಪಿ.ಯು.ಸಿ. ಭೌತಶಾಸ್ತ್ರವೇ ಸಾಕು.

ಪಿಸ್ಟನ್ನಿನ ಮೇಲಿನ ಹೊರೆ

ಬಹುಕಾಲ ಮೋಟೊಕ್ರಾಸ್‌ನಲ್ಲಿ ಹಗುರವಾದ ಎರಡು ಹೊಡೆತದ ಎಂಜಿನ್ನುಗಳದೇ ಮೇಲುಗೈಯಾಗಿತ್ತು. 1998ರಲ್ಲಿ ಜಪಾನಿನ ಯಮಹಾ ಕಂಪನಿಯ ವೈಝಡ್ 400 ಎಫ್ ಬಂದ ಮೇಲೆ ಚಿತ್ರ ಬದಲಾಯಿತು. 2001ರಲ್ಲಿ ಅದರ ತಮ್ಮನಂತೆ ಬಂದ ವೈಝಡ್ 250 ಎಫ್ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಸಿಲಿಂಡರಿನ ಒಳವ್ಯಾಸ 77 ಮಿ.ಮೀ., ಪಿಸ್ಟನ್ ಚಲಿಸುವ ದೂರ 53.6 ಮಿ.ಮೀ. ಇವುಗಳಿಂದ ಗಾತ್ರವನ್ನು ನೀವೇ ಲೆಕ್ಕ ಹಾಕಿ, ಸುಮಾರು 249.6 ಘನ ಸೆಂ.ಮೀ. ಬರುತ್ತದೆ.

ಪಿಸ್ಟನ್ನಿನ ಚಲನೆ ಹೆಚ್ಚುಕಡಿಮೆ ಸರಳ ಸಂಗತ ಚಲನೆ. ಪಾರ ಈ ದೂರದ ಅರ್ಧ, ಅಂದರೆ 26.8 ಮಿ.ಮೀ. ಗರಿಷ್ಠ ವೇಗೋತ್ಕರ್ಷ ಕೋನೀಯ ವೇಗದ ವರ್ಗ ಮತ್ತು ಪಾರಗಳ ಗುಣಲಬ್ಧ. ಎಂಜಿನ್ ನಿಮಿಷಕ್ಕೆ 13,000 ಸುತ್ತು ತಿರುಗುವಾಗ ಇದು ಗುರುತ್ವ ವೇಗೋತ್ಕರ್ಷದ ಸುಮಾರು 5,000 ಪಟ್ಟು! ಪಿಸ್ಟನ್ ಮತ್ತು ಅದರೊಡನೆ ಆಡುವ ಭಾಗಗಳ ರಾಶಿ 200 ಗ್ರಾಂ ಎಂದಿಟ್ಟುಕೊಂಡರೂ ಕನೆಕ್ಟಿಂಗ್ ರಾಡ್ ಅದನ್ನು ತಡೆದು ಹಿಂದಿರುಗಿಸಲು ಸುಮಾರು 10,000 ನ್ಯೂಟನ್ ಬಲ ಬೇಕು. ಅದು ಒಂದು ಟನ್ ತೂಕಕ್ಕೆ ಸಮ. ಇದು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಬಾರಿ ನಡೆಯುತ್ತದೆ. ರಾಡ್ ಓರೆಯಾಗುವುದರಿಂದ ಮೇಲ್ತುದಿಯಲ್ಲಿ ವೇಗೋತ್ಕರ್ಷ ಇನ್ನೂ ಹೆಚ್ಚು.

ಈಗ ಸ್ಪ್ಲೆಂಡರ್‌ನಂಥ 97.2 ಸಿ.ಸಿ. ಬೈಕನ್ನು ನೋಡಿ. ಒಳವ್ಯಾಸ 50 ಮಿ.ಮೀ., ಪಿಸ್ಟನ್ ಚಲಿಸುವ ದೂರ 49.5 ಮಿ.ಮೀ. ನಿಮಿಷಕ್ಕೆ 8,000 ಸುತ್ತಿನಲ್ಲಿ ಇದೇ ಲೆಕ್ಕ ಕೊಡುವುದು ಗುರುತ್ವದ ಸುಮಾರು 1,770 ಪಟ್ಟು. ಬೀದಿಯ ಸವಾರ ಆ ವೇಗಕ್ಕೆ ಹೋಗುವುದೂ ಅಪರೂಪ. ಸುತ್ತಿನ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ ಎಂಬ ವರ್ಗ ನಿಯಮವೇ ಎಂಜಿನ್ನಿನ ಆಯುಷ್ಯವನ್ನು ಕಿರಿದಾಗಿಸುತ್ತದೆ. ಗಾಳಿ ಶೋಧಕವನ್ನು ದಾಟಿ ನುಸುಳುವ ಧೂಳು ಉಳಿದ ಸವೆತವನ್ನು ನೋಡಿಕೊಳ್ಳುತ್ತದೆ.

ಬಿಚ್ಚುವ ಮೊದಲು

ಸ್ಟಾರ್ಟ್ ಆಗಲು ತಕರಾರು, ಶಕ್ತಿ ಕುಂದುವುದು, ನೀಲಿ ಹೊಗೆ – ಇವು ರೋಗದ ಲಕ್ಷಣಗಳು. ರೋಗ ಎಲ್ಲಿದೆ? ಸ್ಪಾರ್ಕ್ ಪ್ಲಗ್ಗಿನ ತೂತಿಗೆ ಒತ್ತಡಮಾಪಕ ಜೋಡಿಸಿ ಎಂಜಿನ್ನನ್ನು ತಿರುಗಿಸಿ. ಒತ್ತಡ ಕಡಿಮೆಯಿದ್ದರೆ ಅದೇ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಈಗ ಒತ್ತಡ ಏರಿದರೆ ಸೋರಿಕೆ ರಿಂಗುಗಳ ಬಳಿ. ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ಕವಾಟಗಳ ಅಥವಾ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಬೇಕು. ಒಂದು ಅಂಶವನ್ನು ಮಾತ್ರ ಬದಲಿಸಿ ಫಲಿತಾಂಶ ನೋಡುವ ಈ ವಿಧಾನ ಪ್ರಯೋಗಶಾಲೆಯದೇ ಅಲ್ಲವೆ?

ಬಿಚ್ಚುವಾಗ ಬೋಲ್ಟುಗಳನ್ನು ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಸಿಲಿಂಡರ್ ಎತ್ತಿದೊಡನೆ ಕೆಳಗಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಸಣ್ಣ ಕ್ಲಿಪ್ ಒಳಗೆ ಬಿದ್ದರೆ ಅದನ್ನು ತೆಗೆಯಲು ಇಡೀ ಎಂಜಿನ್ ಬಿಚ್ಚಬೇಕಾದೀತು. ಒಮ್ಮೆ ತೆಗೆದ ಕ್ಲಿಪ್ಪನ್ನು ಮತ್ತೆ ಬಳಸಬಾರದು. ಬಾಗಿ ಬಿಗಿ ಕಳೆದುಕೊಂಡ ಕ್ಲಿಪ್ ಓಟದ ನಡುವೆ ಹಾರಿ ಸಿಲಿಂಡರಿನ ಗೋಡೆಯನ್ನು ಗೀರುತ್ತದೆ.

ಅಳತೆಯೇ ಮುಖ್ಯ

ಮರುಜೋಡಣೆ ಎಂದರೆ ಹಳೆಯ ಭಾಗ ತೆಗೆದು ಹೊಸದನ್ನು ಹಾಕುವುದು ಎಂದು ಹಲವರು ತಿಳಿಯುತ್ತಾರೆ. ನಿಜವಾದ ಕೆಲಸ ಅಳೆಯುವುದು. ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ತೆರಪು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ನಿಮ್ಮ ಶಾಲೆಯ ವರ್ನಿಯರ್ ಕ್ಯಾಲಿಪರ್ಸಿನ ಕನಿಷ್ಠ ಅಳತೆ 0.1 ಮಿ.ಮೀ. ಆಗಿದ್ದರೆ ಈ ತೆರಪು ಅದಕ್ಕೆ ಕಾಣಿಸುವುದೇ ಇಲ್ಲ. 0.01 ಮಿ.ಮೀ. ತೋರಿಸುವ ಮೈಕ್ರೋಮೀಟರ್ (ನಮ್ಮ ಸ್ಕ್ರೂಗೇಜಿನ ಅಣ್ಣ) ಮತ್ತು ಒಳವ್ಯಾಸ ಅಳೆಯುವ ಬೋರ್ ಗೇಜ್ ಬೇಕು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ – ಪ್ರತಿ ಕಡೆ ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ – ಹೀಗೆ ಆರು ಅಳತೆ ತೆಗೆಯಿರಿ. ಅದು ದುಂಡಗೆ ಉಳಿದಿದೆಯೆ, ಒಂದು ತುದಿಗೆ ಅಗಲವಾಗಿದೆಯೆ ಎಂದು ಆಗ ತಿಳಿಯುತ್ತದೆ.

ಪಿಸ್ಟನ್ನನ್ನು ಅಳೆಯುವುದು ಅದರ ಕೆಳಭಾಗದಲ್ಲಿ, ಪಿನ್ನಿಗೆ ಲಂಬವಾಗಿ. ಕಾರಣ ಉಷ್ಣ ವ್ಯಾಕೋಚನೆ. 50 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಪ್ರತಿ 100 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.11 ಮಿ.ಮೀ. ಹಿಗ್ಗುತ್ತದೆ, ಎರಕದ ಕಬ್ಬಿಣ ಅದರ ಅರ್ಧದಷ್ಟು. ಬೆಂಕಿಗೆ ಒಡ್ಡಿದ ಪಿಸ್ಟನ್ನಿನ ತಲೆ ಹೆಚ್ಚು ಹಿಗ್ಗುವುದರಿಂದ ಅದನ್ನು ಮೊದಲೇ ತುಸು ಕಿರಿದಾಗಿ ಮಾಡಿರುತ್ತಾರೆ. ತೆರಪು ತೀರಾ ಕಡಿಮೆಯಾದರೆ ಬಿಸಿಯಾದ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಎಂಜಿನ್ ‘ಸೀಜ್’ ಆಗುತ್ತದೆ. ಹಿಂದಿನ ಚಕ್ರ ಒಮ್ಮೆಲೇ ನಿಂತರೆ ಸವಾರನ ಗತಿಯೇನು, ಯೋಚಿಸಿ.

ರಿಂಗಿನ ಬಾಯಿಯಲ್ಲಿ ಬಿಡುವ ಸಂದಿಗೂ ಇದೇ ಕಾರಣ. 50 ಮಿ.ಮೀ. ರಿಂಗಿನ ಸುತ್ತಳತೆ 157 ಮಿ.ಮೀ. ಅದು ಸಿಲಿಂಡರಿಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.17 ಮಿ.ಮೀ. ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ತುದಿಗಳು ಡಿಕ್ಕಿ ಹೊಡೆಯುತ್ತವೆ. ರಿಂಗನ್ನು ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ಫೀಲರ್ ಗೇಜಿನಿಂದ ಸಂದನ್ನು ಅಳೆಯಿರಿ.

ಒಂದು ಎಚ್ಚರಿಕೆ. ಕಬ್ಬಿಣದ ಒಳಗೋಡೆಯ ಸಿಲಿಂಡರು ಸವೆದರೆ ಲೇತ್ ವರ್ಕ್‌ಶಾಪಿನಲ್ಲಿ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಡರ್ಟ್ ಬೈಕಿನ ಅಲ್ಯೂಮಿನಿಯಂ ಸಿಲಿಂಡರಿನ ಒಳಗೆ ತೆಳ್ಳನೆಯ, ಬಹಳ ಗಟ್ಟಿಯಾದ ಲೇಪನವಿರುತ್ತದೆ. ಬೋರ್ ಮಾಡಿದರೆ ಆ ಲೇಪನವೇ ಹೋಗುತ್ತದೆ. ಹಗುರತೆಗಾಗಿ ಬಳಸುವ ಟೈಟಾನಿಯಂ ಕವಾಟಗಳಿಗೂ ಲೇಪನವಿದೆ. ಅವನ್ನು ಪೇಸ್ಟ್ ಹಚ್ಚಿ ಉಜ್ಜಬಾರದು.

ಹಲ್ಲು ತಪ್ಪಿದರೆ

ನಾಲ್ಕು ಹೊಡೆತದ ಒಂದು ಆವರ್ತಕ್ಕೆ ಕ್ರ್ಯಾಂಕ್ ಎರಡು ಸುತ್ತು, ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಹೀಗಾಗಿ ಪಿಸ್ಟನ್ ಎರಡು ಬಾರಿ ಮೇಲ್ತುದಿ ಮುಟ್ಟುತ್ತದೆ – ಒಮ್ಮೆ ಸಂಪೀಡನದ ಕೊನೆಗೆ, ಇನ್ನೊಮ್ಮೆ ಹೊಗೆ ಹೊರದೂಡುವ ಹೊಡೆತದ ಕೊನೆಗೆ. ಟೈಮಿಂಗ್ ಗುರುತುಗಳನ್ನು ಕೈಪಿಡಿ ಹೇಳಿದ ಸ್ಥಾನದಲ್ಲೇ ಹೊಂದಿಸಿ. ಕ್ಯಾಮ್ ಚಕ್ರದಲ್ಲಿ 28 ಹಲ್ಲುಗಳಿದ್ದರೆ ಚೈನು ಒಂದು ಹಲ್ಲು ಆಚೀಚೆಯಾದಾಗ ಕ್ಯಾಮ್ ಸುಮಾರು 13 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 26 ಡಿಗ್ರಿ ತಪ್ಪುತ್ತದೆ. ತೆರೆದ ಕವಾಟಕ್ಕೆ ಪಿಸ್ಟನ್ ಬಡಿಯಲು ಇದು ಸಾಕಾಗಬಹುದು. ಆದ್ದರಿಂದ ಜೋಡಿಸಿದ ಮೇಲೆ ಕ್ರ್ಯಾಂಕನ್ನು ಕೈಯಿಂದಲೇ, ನಿಧಾನವಾಗಿ, ಎರಡು ಪೂರ್ಣ ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ.

ಕವಾಟದ ತೆರಪನ್ನು ಎಂಜಿನ್ ತಣ್ಣಗಿರುವಾಗ ನೋಡಬೇಕು. ತೆರಪು ಇಲ್ಲವಾದರೆ ಕವಾಟ ತನ್ನ ಪೀಠದಲ್ಲಿ ಪೂರ್ತಿ ಕೂರುವುದಿಲ್ಲ. ಪೀಠದ ಮೂಲಕವೇ ಅದರ ಹೆಚ್ಚಿನ ಉಷ್ಣ ಹೊರಹೋಗಬೇಕಾದ್ದರಿಂದ ಅಂಚು ಸುಟ್ಟುಹೋಗುತ್ತದೆ.

ಇನ್ನು ಬೋಲ್ಟು. ಅದು ಒಂದು ಗಟ್ಟಿ ಸ್ಪ್ರಿಂಗ್ ಎಂದು ತಿಳಿಯಿರಿ; ತುಸು ಹಿಗ್ಗಿದಾಗಲೇ ಅದು ಹೆಡ್ಡನ್ನು ಅದುಮಿ ಹಿಡಿಯುತ್ತದೆ. ನಾವು ಹಾಕುವ ಟಾರ್ಕಿನ ಬಹುಪಾಲು ಘರ್ಷಣೆಗೇ ಹೋಗಿ, ಹತ್ತನೆಯ ಒಂದು ಭಾಗದಷ್ಟು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಮರೆಗೆ ಆಯಿಲ್ ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಟಾರ್ಕ್ ಎಷ್ಟು ಎಂಬುದರ ಜೊತೆಗೆ ಆಯಿಲ್ ಹಚ್ಚಬೇಕೆ ಬೇಡವೆ ಎಂಬುದನ್ನೂ ಕೈಪಿಡಿಯಲ್ಲಿ ಓದಿ. ಎದುರುಬದುರು ಬೋಲ್ಟುಗಳನ್ನು ಹಂತಹಂತವಾಗಿ ಬಿಗಿಯಿರಿ.

ತರಗತಿಗೆ

ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಅವರು ಏರಿದ್ದೂ ಒಂದೇ ಸಿಲಿಂಡರಿನ, ನಾಲ್ಕು ಹೊಡೆತದ ಬೈಕನ್ನು. ಮರುಭೂಮಿಯಲ್ಲಿ ಸವಾರನ ಧೈರ್ಯದಷ್ಟೇ ಕೆಲಸ ಮಾಡುವುದು, ಎಂಜಿನ್ ಜೋಡಿಸಿದ ಕೈಗಳ ತಾಳ್ಮೆ.

ಶಿಕ್ಷಕ ಮಿತ್ರರೆ, ಡರ್ಟ್ ಬೈಕ್ ನಿಮಗೆ ಸಿಗದಿರಬಹುದು. ಗುಜರಿ ಅಂಗಡಿಯಲ್ಲಿ ಹಳೆಯ 100 ಸಿ.ಸಿ. ಎಂಜಿನ್ ಒಂದು ಸಿಕ್ಕೀತು. ಊರಿನ ಮೆಕ್ಯಾನಿಕ್ ಒಬ್ಬರನ್ನು ಶಾಲೆಗೆ ಕರೆದು, ಮಕ್ಕಳ ಎದುರು ಅದನ್ನು ಬಿಚ್ಚಿಸಿ. ಸವೆದ ಸಿಲಿಂಡರಿನ ಆರು ಅಳತೆಗಳನ್ನು ಮಕ್ಕಳೇ ತೆಗೆಯಲಿ, ಸವೆತ ಎಲ್ಲಿ ಹೆಚ್ಚು ಎಂದು ಅವರೇ ಹೇಳಲಿ. ಕನಿಷ್ಠ ಅಳತೆ ಎಂಬುದು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಮಾತ್ರವಲ್ಲ ಎಂಬುದು ಅವರಿಗೆ ಆ ದಿನ ತಿಳಿಯುತ್ತದೆ.