ಸುಸ್ತಿಗೆ ಟಾನಿಕ್ ಕುಡಿಯುವ ಮುನ್ನ ರಕ್ತ ಪರೀಕ್ಷೆಯಾಗಲಿ

ಪುಣೆ: ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುವ ಗೃಹಿಣಿಯರು ಎಷ್ಟೋ ಮಂದಿ. "ವಯಸ್ಸಾಯಿತು, ಅಷ್ಟೇ" ಎಂದು ಸುಮ್ಮನಾಗುವವರೇ ಹೆಚ್ಚು. ಬಹಳವಾದರೆ ಮೆಡಿಕಲ್ ಅಂಗಡಿಯಿಂದ ಒಂದು ಬಾಟಲಿ ಟಾನಿಕ್ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ಕರ್ನಾಟಕದಲ್ಲಿ ಶೇ. 48, ಮಹಾರಾಷ್ಟ್ರದಲ್ಲಿ ಶೇ. 54. ಊರು ಬಿಟ್ಟು ಬಂದರೂ ಈ ತೊಂದರೆ ಬೆನ್ನು ಬಿಟ್ಟಿಲ್ಲ.

ಕಬ್ಬಿಣದ ಕೊರತೆ ಒಮ್ಮೆಲೇ ಕಾಣಿಸಿಕೊಳ್ಳುವುದಿಲ್ಲ. ಮೊದಲು ದೇಹದಲ್ಲಿನ ದಾಸ್ತಾನು ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಆದ್ದರಿಂದಲೇ ಹಿಮೋಗ್ಲೋಬಿನ್ ಸರಿಯಿದ್ದರೂ ಸುಸ್ತು ಹೋಗದಿದ್ದಾಗ ವೈದ್ಯರು ಫೆರಿಟಿನ್ ಪರೀಕ್ಷೆ ಬರೆದುಕೊಡುವುದುಂಟು. ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನುವ ಚಪಲವೂ ಈ ಕೊರತೆಯ ಲಕ್ಷಣವಾಗಿರಬಹುದು.

ರಕ್ತಹೀನತೆಯೆಲ್ಲ ಕಬ್ಬಿಣದ್ದೇ ಎಂದೂ ತಿಳಿಯಬಾರದು. ಪುಣೆ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಸಮೀಪದ ಆರು ಹಳ್ಳಿಗಳಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಮೂರನೇ ಎರಡರಷ್ಟು ಗರ್ಭಿಣಿಯರಿಗೆ ವಿಟಮಿನ್ ಬಿ12 ಕಡಿಮೆಯಿತ್ತು. ಬಿ12 ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ. ಶಾಕಾಹಾರಿಗಳು ಇದನ್ನು ಗಮನಿಸಬೇಕು. ಅಂಥವರಿಗೆ ಬರೀ ಕಬ್ಬಿಣದ ಮಾತ್ರೆ ಸಾಲದು.

ಗಂಡಸರ ವಿಷಯ ಬೇರೆ. ಹಿಮೋಗ್ಲೋಬಿನ್ 13 ಗ್ರಾಂಗಿಂತ ಇಳಿದು, ಕಬ್ಬಿಣದ ಕೊರತೆಯೂ ಕಂಡುಬಂದರೆ, ರಕ್ತ ಹೋಗುತ್ತಿರುವುದೆಲ್ಲಿ ಎಂಬುದೇ ಮೊದಲ ಪ್ರಶ್ನೆ. ಹೋಟೆಲ್ ಗಲ್ಲಾದಲ್ಲಿ ದಿನವಿಡೀ ಕುಳಿತು, ಮೂಲವ್ಯಾಧಿಯನ್ನು ಯಾರಿಗೂ ಹೇಳದೆ, ನೋವಿಗೆ ಮಾತ್ರೆ ನುಂಗುತ್ತಾ ಕಾಲ ತಳ್ಳುವವರಿದ್ದಾರೆ. ಹೊಟ್ಟೆಯ ಹುಣ್ಣು, ಕೆಲವೊಮ್ಮೆ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಸದ್ದಿಲ್ಲದೆ ರಕ್ತ ಸೋರಿಸುತ್ತದೆ. ಮುಟ್ಟು ನಿಂತ ಮಹಿಳೆಯರಿಗೂ ಇದೇ ಮಾತು. ಇಂಥವರು ಟಾನಿಕ್ ಕುಡಿದರೆ ಸುಸ್ತು ಕಡಿಮೆಯಾಗಬಹುದು, ಆದರೆ ಕಾಯಿಲೆ ಒಳಗೇ ಬೆಳೆಯುತ್ತದೆ.

ಕಬ್ಬಿಣದ ಮಾತ್ರೆಯನ್ನು ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಸೇವಿಸಿದರೆ ಪ್ರಯೋಜನ ಕಡಿಮೆ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯನ್ನು ಒಂದು ಗಂಟೆ ಮುಂದೂಡುವುದು ಮೇಲು. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಕಿಲ್ಲ. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ.

ಮಾತ್ರೆ ತೆಗೆದುಕೊಳ್ಳದೆಯೇ ಮಲ ಡಾಂಬರಿನಂತೆ ಕಪ್ಪಾದರೆ, ಕುಳಿತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆತಿರುಗಿ ಬಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮುಟ್ಟಿನ ಸ್ರಾವ ಅತಿಯಾದವರು ಮುಂದಿನ ತಿಂಗಳಿಗೆಂದು ಕಾಯದೆ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕಬ್ಬಿಣದ ಮಾತ್ರೆ ಉಚಿತವಾಗಿ ಸಿಗುತ್ತದೆ.