ಗ್ರಂಥಾಲಯಕ್ಕೆ ಶ್ರವ್ಯ-ದೃಶ್ಯ ಸರ್ವರ್: ಆಯ್ಕೆಯ ವಿವೇಕ

ಜ್ಞಾನವು ಗ್ರಂಥದಲ್ಲಿ ಮಾತ್ರ ನೆಲೆಸಿರುವುದಿಲ್ಲ. ಬಲ್ಲವರ ನುಡಿಯಲ್ಲಿಯೂ ನುರಿತವರ ಕೈಕೆಲಸದಲ್ಲಿಯೂ ಅದು ನೆಲೆಸಿದೆ. ಧ್ವನಿ ಹಾಗೂ ಚಿತ್ರಗಳ ಮೂಲಕ ವಿದ್ಯೆಯನ್ನು ಹರಡುವ ಕಾರ್ಯವು ಶಹಾಪುರದ ಸೀಮೆಗೆ ಹೊಸದೇನೂ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಲ್ಲಿ ಆ ಅವಕಾಶ ದೊರೆತದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ. ಇಂದು ಯಾದಗಿರಿ ಜಿಲ್ಲೆಯಲ್ಲಿರುವ ಶಹಾಪುರವು ಅಂದು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ಉಪಗ್ರಹವು ಅಮೆರಿಕದ್ದಾಗಿತ್ತು, ಅವಧಿ ಮುಗಿದೊಡನೆ ಅದರ ಸೇವೆಯೂ ಮುಗಿಯಿತು. ಪರರ ಸಾಧನವನ್ನೇ ನೆಚ್ಚಿದ ವಿದ್ಯಾಪ್ರಸಾರವು ಪರರ ಅನುಕೂಲ ಇರುವವರೆಗೆ ಮಾತ್ರ ನಡೆದೀತೆಂಬ ಪಾಠ ಇದರಲ್ಲಡಗಿದೆ.

ಇಂದು ಕಾಲೇಜಿನ ಗ್ರಂಥಾಲಯವು ಉಪನ್ಯಾಸ, ಪ್ರಯೋಗ, ಗಾಯನಗಳ ಮುದ್ರಣಗಳನ್ನು ತನ್ನದೇ ಸರ್ವರಿನಲ್ಲಿರಿಸಿ ವಿದ್ಯಾರ್ಥಿಗಳಿಗೆ ಒದಗಿಸಬಹುದಾಗಿದೆ. ಇಲ್ಲಿ ಇಡೀ ಕಡತವು ಬಂದು ಸೇರುವವರೆಗೆ ಕಾಯಬೇಕಿಲ್ಲ. ಬರುತ್ತಿರುವಂತೆಯೇ ಅದನ್ನು ನೋಡಬಹುದು. ನಾರಾಯಣಪುರ ಜಲಾಶಯದ ಕಾಲುವೆಗಳನ್ನು ಬಲ್ಲ ಈ ಭಾಗದವರಿಗೆ ಇದರ ಹೋಲಿಕೆ ಸುಲಭ. ಸರ್ವರ್ ಎಂಬುದು ಜಲಾಶಯ, ಜಾಲವು ಕಾಲುವೆ, ವಿದ್ಯಾರ್ಥಿಯ ಮುಂದಿರುವ ಯಂತ್ರವು ಹೊಲ. ಜಲಾಶಯ ತುಂಬಿದ್ದರೂ ಕಾಲುವೆ ಕಿರಿದಾದರೆ ಕೊನೆಯ ಹೊಲಕ್ಕೆ ನೀರು ಮುಟ್ಟದು.

ಆದಕಾರಣ ಮೊದಲು ಮಾಡಬೇಕಾದುದು ಲೆಕ್ಕ. ಸಾಧಾರಣ ಗುಣಮಟ್ಟದ ದೃಶ್ಯಕ್ಕೆ ಸೆಕೆಂಡಿಗೆ 1 ಮೆಗಾಬಿಟ್ ಎಂದು ಹಿಡಿದರೆ, ಒಂದು ಗಂಟೆಯ ಉಪನ್ಯಾಸಕ್ಕೆ 450 ಮೆಗಾಬೈಟ್ ಸ್ಥಳ ಬೇಕು. ಸಾವಿರ ಗಂಟೆಗಳಿಗೆ 450 ಗಿಗಾಬೈಟ್. 64 ಕಿಲೋಬಿಟ್ ವೇಗದ ಧ್ವನಿಮುದ್ರಣವಾದರೆ ಗಂಟೆಗೆ ಸುಮಾರು 29 ಮೆಗಾಬೈಟ್ ಸಾಕು. 40 ಮಂದಿ ಏಕಕಾಲಕ್ಕೆ ದೃಶ್ಯ ನೋಡುವಲ್ಲಿ ಸೆಕೆಂಡಿಗೆ 40 ಮೆಗಾಬಿಟ್ ಹರಿಯಬೇಕು. ಕಟ್ಟಡದೊಳಗಿನ ತಂತಿಜಾಲಕ್ಕೆ ಇದು ಭಾರವಲ್ಲ; ಹೊರಗಿನ ಅಂತರ್ಜಾಲ ಸಂಪರ್ಕಕ್ಕೆ ಭಾರವಾಗಬಹುದು. ಸರ್ವರ್ ಗ್ರಂಥಾಲಯದೊಳಗೇ ಇದ್ದರೆ ಹೊರಗಿನ ಸಂಪರ್ಕ ಕಡಿದರೂ ಪಾಠ ನಿಲ್ಲುವುದಿಲ್ಲ. ಮನೆಯಲ್ಲಿ ಅಂತರ್ಜಾಲದ ಅನುಕೂಲವಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ಉಪಕಾರ ಬೇರಿಲ್ಲ.

ಎರಡನೆಯದು ಕಡತದ ಸ್ವರೂಪದ ವಿಚಾರ. 1995ರಲ್ಲಿ ಬಂದ ರಿಯಲ್ ಆಡಿಯೋ ಒಂದು ಕಾಲಕ್ಕೆ ಬಹು ಪ್ರಸಿದ್ಧವಾಗಿತ್ತು. ಇಂದು ಅದು ಬಳಕೆಯಿಂದ ಮರೆಯಾಗಿದೆ. ಫ್ಲ್ಯಾಶ್ ತಂತ್ರಾಂಶಕ್ಕೆ ನೀಡುತ್ತಿದ್ದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಲಾಯಿತು. ಒಂದೇ ಸಂಸ್ಥೆಯ ಹಿಡಿತದಲ್ಲಿರುವ ಸ್ವರೂಪದಲ್ಲಿ ಮಾತ್ರ ಸಂಗ್ರಹ ಮಾಡಿದವರಿಗೆ ಇದು ಎಚ್ಚರಿಕೆ. ಹಲವು ಯಂತ್ರಗಳಲ್ಲಿ ತೆರೆಯುವ, ಪ್ರಕಟಿತ ಮಾನಕಗಳನ್ನು ಅನುಸರಿಸುವ ಸ್ವರೂಪವೇ ಕ್ಷೇಮಕರ. 2009ರ ಎಚ್‌ಎಲ್‌ಎಸ್ ಹಾಗೂ 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್ ವಿಧಾನಗಳಲ್ಲಿ ದೃಶ್ಯವನ್ನು ಸಣ್ಣ ತುಣುಕುಗಳಾಗಿಸಿ ಸಾಮಾನ್ಯ ವೆಬ್ ಸರ್ವರಿನಿಂದಲೇ ಕಳುಹಿಸಬಹುದು. ಜಾಲದ ವೇಗ ಕುಗ್ಗಿದಾಗ ಕಡಿಮೆ ಗುಣಮಟ್ಟದ ತುಣುಕು ಬಂದು ನೋಟ ಮುಂದುವರಿಯುತ್ತದೆ.

ಮೂರನೆಯದು ತಂತ್ರಾಂಶ. ಹಣ ತೆತ್ತು ಕೊಳ್ಳುವವುಗಳ ಜೊತೆಗೆ ಮುಕ್ತ ತಂತ್ರಾಂಶಗಳೂ ಇವೆ. ಅಮೆರಿಕದ ಇಂಡಿಯಾನಾ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕೂಡಿ ರೂಪಿಸಿದ ಅವಲಾನ್ ಇಂಥದ್ದೇ ಕಾರ್ಯಕ್ಕಾಗಿ ಹುಟ್ಟಿದುದು. ಕೇವಲ ಧ್ವನಿಯ ನೇರ ಪ್ರಸಾರಕ್ಕೆ ಐಸ್‌ಕಾಸ್ಟ್ ಸಾಕಾಗುತ್ತದೆ. ಮುಕ್ತವೆಂದ ಮಾತ್ರಕ್ಕೆ ವೆಚ್ಚವಿಲ್ಲವೆಂದು ತಿಳಿಯಲಾಗದು. ನಿರ್ವಹಿಸಬಲ್ಲ ಸಿಬ್ಬಂದಿ, ವಿದ್ಯುತ್ ಹೋದಾಗ ಆಧಾರವಾಗುವ ಯುಪಿಎಸ್, ಬೇರೊಂದೆಡೆ ಕಾಪಿಟ್ಟ ಇನ್ನೊಂದು ಪ್ರತಿ ಇವು ಅವಶ್ಯ. ಯಾವ ತಂತ್ರಾಂಶವಾದರೂ ಕನ್ನಡ ಲಿಪಿಯಲ್ಲಿ ಶೀರ್ಷಿಕೆ, ಉಪನ್ಯಾಸಕರ ಹೆಸರು, ವಿಷಯ, ದಿನಾಂಕಗಳನ್ನು ಬರೆದು ಹುಡುಕಲು ಅನುಕೂಲವಿರಬೇಕು. ಸೂಚಿಯಿಲ್ಲದ ಸಂಗ್ರಹವು ಕತ್ತಲೆಯ ಕಣಜದಂತೆ.

ಕೊನೆಯದಾಗಿ ಹಕ್ಕಿನ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಾದ ತಿದ್ದುಪಡಿಯು, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಲು ಅವಕಾಶ ನೀಡಿತು. ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಪ್ರಸಾರ ಮಾಡಬಹುದೆಂದಲ್ಲ. ಉಪನ್ಯಾಸಕರ, ಕಲಾವಿದರ ಲಿಖಿತ ಒಪ್ಪಿಗೆ ಪಡೆಯುವುದೇ ಯೋಗ್ಯ.

ಯಂತ್ರವು ಐದಾರು ವರ್ಷಗಳಲ್ಲಿ ಹಳತಾಗುವುದು ಸಹಜ. ಕ್ಯಾಸೆಟ್ಟಿನ ಸುರುಳಿಗಳಲ್ಲಿ ಸವೆಯುತ್ತಿರುವ ಗುರುಗಳ ಧ್ವನಿಯಾದರೋ ಒಮ್ಮೆ ಅಳಿದರೆ ಮರಳಿ ದೊರೆಯದು. ಇಂದಿನ ಯಂತ್ರದಿಂದ ನಾಳಿನ ಯಂತ್ರಕ್ಕೆ ಸಂಗ್ರಹವನ್ನು ಸಲೀಸಾಗಿ ಸಾಗಿಸಬಲ್ಲ ವ್ಯವಸ್ಥೆಯನ್ನು ಆರಿಸಿಕೊಳ್ಳುವ ಗ್ರಂಥಾಲಯವೇ ಮುಂದಿನ ಪೀಳಿಗೆಗೆ ಆ ಧ್ವನಿಯನ್ನು ತಲುಪಿಸೀತು.