ಗುಡ್ಡದ ನಿಧಿಶೋಧ ಮತ್ತು ಬಿಸಿಲಿನ ನಿಯಮ

ಅಡಗಿಸಿಟ್ಟ ಪೆಟ್ಟಿಗೆಯನ್ನು ಉಪಗ್ರಹದ ನೆರವಿನಿಂದ ಹುಡುಕುವ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. 2000ದ ಮೇ ತಿಂಗಳಲ್ಲಿ, ಜಿಪಿಎಸ್ ಸಂಕೇತಗಳಿಗೆ ಬೇಕೆಂದೇ ಬೆರೆಸಿದ್ದ ಮಸುಕನ್ನು ಅಮೆರಿಕ ತೆಗೆದ ಬೆನ್ನಲ್ಲೇ ಇದು ಆರೆಗಾನ್ ರಾಜ್ಯದಲ್ಲಿ ಆರಂಭವಾಯಿತು. ಕತಾರಿನ ಅತ್ಯುನ್ನತ ಸ್ಥಳ ಕೇವಲ 103 ಮೀಟರ್ ಎತ್ತರ. ಆದರೂ ದುಖಾನ್, ಜಿಕ್ರೀತ್ ಕಡೆಯ ಸುಣ್ಣಕಲ್ಲಿನ ದಿಬ್ಬಗಳು ಇಂತಹ ಚಾರಣಕ್ಕೆ ತಕ್ಕವು.

ಹೊರಡುವವರಿಗೆ ವೈದ್ಯನಾದ ನಾನು ಸೂಚಿಸುವ ಕೈಪಿಡಿ ಇಲ್ಲಿನ ಕಾರ್ಮಿಕರ ಸುರಕ್ಷತಾ ನಿಯಮ. 2021ರ 17ನೆಯ ಸಚಿವಾಲಯ ನಿರ್ಣಯದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ಕೆಲಸ ನಿಷಿದ್ಧ. ಯಾವ ಹೊತ್ತಿನಲ್ಲಾದರೂ ಡಬ್ಲ್ಯುಬಿಜಿಟಿ ಎಂಬ ಸೂಚ್ಯಂಕ 32.1 ಡಿಗ್ರಿ ಮೀರಿದರೆ ಕೆಲಸ ನಿಲ್ಲಬೇಕು.

45 ಡಿಗ್ರಿ ಕಂಡವರಿಗೆ 32 ಅಲ್ಪವೆನಿಸಬಹುದು. ಆದರೆ ಈ ಸೂಚ್ಯಂಕದಲ್ಲಿ ನೂರಕ್ಕೆ 70 ಪಾಲು ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕದ್ದು, 20 ಪಾಲು ಬಿಸಿಲು ಹೀರುವ ಕಪ್ಪು ಗೋಳದ್ದು. ಗಾಳಿಯ ಉಷ್ಣತೆಯದು 10 ಪಾಲು ಮಾತ್ರ. ಬೆವರು ಆರಿದಾಗಲೇ ದೇಹ ತಣಿಯುತ್ತದೆ. ಕೊಲ್ಲಿಯ ತೇವಭರಿತ ಗಾಳಿಯಲ್ಲಿ ಅದು ಸುಲಭವಾಗಿ ಆರದು.

ಜೊತೆಗಾರನ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಉಷ್ಣಾಘಾತವೆಂದೇ ತಿಳಿಯಿರಿ. 999ಕ್ಕೆ ಕರೆಮಾಡಿ, ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಿರಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬೇಡಿ.

ಬಿಸಿಲಿನಿಂದ ಅಪಾಯವಿದೆಯೆಂದು ಸಕಾರಣವಾಗಿ ಭಾವಿಸಿದ ಕಾರ್ಮಿಕನಿಗೆ ಕೆಲಸ ನಿಲ್ಲಿಸುವ ಹಕ್ಕನ್ನು ಇದೇ ನಿರ್ಣಯ ಕೊಟ್ಟಿದೆ. ಪೆಟ್ಟಿಗೆ ಸಿಗದಿದ್ದರೆ ನಾವು ಹಿಂತಿರುಗಬಹುದು. ದುಡಿಯಲೆಂದೇ ಬಂದವನಿಗೆ ಅದು ಅಷ್ಟು ಸುಲಭವಲ್ಲ. ಆದ್ದರಿಂದ ಇಲ್ಲಿ ಇಂಜಿನಿಯರ್, ಮೇಲ್ವಿಚಾರಕರಾಗಿರುವ ಕನ್ನಡಿಗರು ಆ ಹಕ್ಕನ್ನು ತಮ್ಮ ಕೈಕೆಳಗಿನವರಿಗೆ ಅವರವರ ಭಾಷೆಯಲ್ಲೇ ತಿಳಿಸಬೇಕು.